ಸಂಡೂರಿನ ಸೂಜಿ ಮತ್ತು ನಮ್ಮ ಬೈತುಲ್ ಮಾಲ್

ಮೂರು ವರ್ಷಗಳ ಹಿಂದೆ ರಮಝಾನ್ ತಿಂಗಳಲ್ಲಿ ನಮ್ಮ ಮಸೀದಿಯ ಬೈತುಲ್ ಮಾಲ್‌ನಿಂದ ಏಳು ಹೊಲಿಗೆ ಯಂತ್ರಗಳನ್ನು ಕೊಟ್ಟೆವು. ಮೂವರು ವಿಧವೆಯರು, ಇಬ್ಬರು ತಲಾಕ್ ಆದವರು, ಇನ್ನಿಬ್ಬರು ಗಂಡ ಹಾಸಿಗೆ ಹಿಡಿದವರು. ಅಸರ್ ನಮಾಝಿನ ನಂತರ ಸಣ್ಣ ಸಭೆ, ಒಂದು ಫೋಟೋ, ನಮ್ಮದೊಂದು ದುಆ. ಆ ದಿನ ನಮಗೆ ಬಹಳ ಸಂತೋಷವಾಗಿತ್ತು. ಅನ್ನ ಕೊಟ್ಟರೆ ಒಂದು ಹೊತ್ತು, ಯಂತ್ರ ಕೊಟ್ಟರೆ ಜೀವನಪೂರ್ತಿ ಎಂದು ಮುಂದಿನ ಜುಮಾದಲ್ಲಿ ಮಿಂಬರಿನ ಮೇಲಿಂದ ಹೇಳಿಯೂ ಬಿಟ್ಟೆವು.

ಕಳೆದ ವರ್ಷ ಝಕಾತಿನ ಪಟ್ಟಿ ಮಾಡಲು ಮೊಹಲ್ಲಾ ಸುತ್ತಿದಾಗ ಆ ಏಳು ಯಂತ್ರಗಳನ್ನು ಹುಡುಕಿದೆವು. ಎರಡು ಓಡುತ್ತಿದ್ದವು. ಮೂರು ಮಾರಾಟವಾಗಿದ್ದವು. ಒಂದರ ಮೇಲೆ ಟಿ.ವಿ. ಕೂತಿತ್ತು. ಏಳನೆಯದು ಎಲ್ಲಿದೆ ಎಂದು ಆ ಮನೆಯಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಯಂತ್ರ ಮಾರಿದ ಒಬ್ಬ ತಾಯಿ ಬಾಗಿಲ ಪರದೆಯ ಹಿಂದಿನಿಂದ ಒಂದು ಮಾತು ಹೇಳಿದರು. "ಹಝ್ರತ್, ಯಂತ್ರ ಕೊಟ್ರಿ. ಹೊಲಿಸೋರು ಯಾರು ಅಂತ ಹೇಳಲಿಲ್ಲ." ಈ ಬೀದಿಯಲ್ಲಿ ಮೊದಲೇ ನಾಲ್ವರು ಹೊಲಿಯುತ್ತಾರೆ, ಜನ ಈಗ ಸಿದ್ಧ ಉಡುಪು ಕೊಳ್ಳುತ್ತಾರೆ, ಈದ್ ಮುಂಚಿನ ಹದಿನೈದು ದಿನ ಬಿಟ್ಟರೆ ವರ್ಷವಿಡೀ ಕೆಲಸವಿಲ್ಲ ಎಂದು ಅವರು ವಿವರಿಸಿದರು. ಇದೆಲ್ಲ ನಮ್ಮ ಕಮಿಟಿಯ ಯಾರಿಗೂ ತಿಳಿಯದ ವಿಷಯವಲ್ಲ. ಆದರೆ ಕೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ಮಾತಿನ ಭಾರ ಹೊತ್ತುಕೊಂಡೇ ನಾವು ಸಂಡೂರಿನ ಕಡೆ ನೋಡಲು ಶುರು ಮಾಡಿದ್ದು. ಹೊಸಪೇಟೆಯಿಂದ ಸುಮಾರು ಮೂವತ್ತು ಕಿಲೋಮೀಟರ್. ಜಿಲ್ಲೆ ಒಡೆದು 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಾಗದದ ಮೇಲೆ ಬೇರೆ ಜಿಲ್ಲೆಯಾದರೂ ಮದುವೆ, ಸಂತೆ, ಆಸ್ಪತ್ರೆಗೆಲ್ಲ ಜನ ಒಂದೇ. ಅಲ್ಲಿ ಮೂರೂವರೆ ದಶಕಗಳಿಂದ ಲಂಬಾಣಿ ಹೆಣ್ಣುಮಕ್ಕಳು ಸೂಜಿದಾರದಿಂದ ಸಂಪಾದಿಸುತ್ತಿದ್ದಾರೆ. ನಮ್ಮ ಯಂತ್ರಗಳು ಮೂರು ವರ್ಷ ಬಾಳಲಿಲ್ಲ, ಅವರ ಕೈಸೂಜಿ ಹೇಗೆ ಬಾಳಿತು? ಇದು ಇತಿಹಾಸದ ಪ್ರಶ್ನೆ. ಮದ್ರಸಾ ಮುಗಿಸಿ ಬಿ.ಎ. ಕಟ್ಟಿದಾಗ ನಾವು ಆರಿಸಿಕೊಂಡ ವಿಷಯವೂ ಇತಿಹಾಸವೇ ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳಲು ಓದುಗರು ಅನುಮತಿ ಕೊಡಬೇಕು.

ಲಂಬಾಣಿಗಳು ಎಂದರೆ ಬಂಜಾರರು. ಸಾವಿರಾರು ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರಿಂದೂರಿಗೆ ಸಾಗುತ್ತಿದ್ದ ವ್ಯಾಪಾರಿಗಳು. ಮೊಘಲರ ಸೇನೆ ದಖ್ಖನಿಗೆ ಬಂದಾಗ ಹಿಂದೆ ಅನ್ನ ಹೊತ್ತು ಬಂದವರು ಇವರೇ. 1791-92ರಲ್ಲಿ ಟಿಪ್ಪು ಸುಲ್ತಾನರ ಮೇಲೆ ಕಾರ್ನ್‌ವಾಲಿಸ್ ದಂಡೆತ್ತಿ ಬಂದಾಗ ಕಂಪನಿ ಸೇನೆಗೆ ಧಾನ್ಯ ಒದಗಿಸಿದ್ದೂ ಇವರ ಎತ್ತುಗಳೇ. ಯಾವ ಪಕ್ಷವೇ ಇರಲಿ, ಹಸಿದ ದಂಡು ಇವರನ್ನು ಕಾಯುತ್ತಿತ್ತು. ಆ ಸಾಗಾಟದ ಬದುಕಿನಲ್ಲಿ ಹೆಂಗಸರು ಮನೆಯಲ್ಲಿ ಕೂತವರಲ್ಲ, ಎತ್ತಿನ ಜೊತೆ ನಡೆದವರು. ನಡೆಯುತ್ತ, ಬಿಡಾರ ಹಾಕಿದಲ್ಲಿ ಕೂರುತ್ತ ಹೊಲಿದ ಬಟ್ಟೆಗಳು ಅವು: ಫೇಟಿಯಾ, ಕಾಂಚಳಿ, ತಲೆಯ ಮೇಲಿನ ಟುಕ್ರಿ. ಕನ್ನಡಿ ಚೂರು, ಕವಡೆ, ಮಣಿ, ಹಳೆಯ ಬಟ್ಟೆಯ ತುಂಡು. ಹೊಲಿಗೆಗಳಿಗೆ ಅವರದೇ ಹೆಸರುಗಳಿವೆ: ಕೀಲನ್, ವೇಲೆ, ಮಾಕಿ, ಬಕ್ಯಾ, ರೇಲೋ, ನಾಕ್ರಾ. ಇದು ಮಾರಲು ಹೊಲಿದದ್ದಲ್ಲ. ತಾಯಿ ಮಗಳ ಮದುವೆಗೆ ವರ್ಷಗಟ್ಟಲೆ ಹೊಲಿಯುತ್ತಿದ್ದಳು.

ಬ್ರಿಟಿಷರು ರಸ್ತೆ ಹಾಕಿದರು, ರೈಲು ತಂದರು. 1880ರ ದಶಕದಲ್ಲಿ ನಮ್ಮ ಹೊಸಪೇಟೆಗೂ ರೈಲು ಬಂತು. ಒಂದು ಗೂಡ್ಸ್ ಬಂಡಿ ಹೊರುವಷ್ಟನ್ನು ಹೊರಲು ಎಷ್ಟು ಎತ್ತು ಬೇಕು ಎಂದು ಲೆಕ್ಕ ಹಾಕಿದರೆ ಬಂಜಾರರ ವ್ಯಾಪಾರ ಏಕೆ ಮುಗಿಯಿತೆಂದು ಬೇರೆ ಹೇಳಬೇಕಿಲ್ಲ. ಕೆಲಸ ಕಿತ್ತುಕೊಂಡ ಸರಕಾರವೇ ಆಮೇಲೆ ಅಲೆಯುವವರೆಲ್ಲ ಕಳ್ಳರು ಎಂದಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಮುಂದೆ ಹಲವೆಡೆ ಲಂಬಾಣಿಗಳನ್ನೂ ಸೇರಿಸಿದರು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಐದು ವರ್ಷಕ್ಕೆ, 1952ರಲ್ಲಿ. ಒಂದು ಸಮುದಾಯದ ಮೇಲೆ ಹಣೆಪಟ್ಟಿ ಹಚ್ಚಿದರೆ ಏನಾಗುತ್ತದೆ ಎಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತಿರುವ ವಿಷಯ, ಅದನ್ನು ಬೆಳೆಸುವುದಿಲ್ಲ.

ತಾಂಡಾಗಳು ಗುಡ್ಡದ ಪಕ್ಕ ನೆಲೆ ನಿಂತವು. ಗಂಡಸರು, ಹೆಂಗಸರು ಕೂಲಿಗೆ ಹೊರಟರು. ಹೊಲ, ಕಬ್ಬಿನ ಗದ್ದೆ, ಅದಿರಿನ ಗಣಿ. ಹೊಲಿಗೆ ನಿಂತಿತು ಎನ್ನುವಂತಿಲ್ಲ, ಆದರೆ ಅದರ ಬೆಲೆ ಕೆಳಗಿಳಿಯಿತು. ಹಂಪಿಗೆ ವಿದೇಶಿ ಪ್ರವಾಸಿಗರು ಬರತೊಡಗಿದಾಗ ಅಜ್ಜಿಯ ಕೈಯ ಹಳೆಯ ಫೇಟಿಯಾಗಳು ಬಜಾರಿನಲ್ಲಿ ಬಿಕರಿಯಾದವು. ಹೊಲಿದ ಕೈಗೆ ಬಂದದ್ದು ಅಲ್ಪ, ನಡುವಿನವರಿಗೆ ಸಿಕ್ಕಿದ್ದು ಹೆಚ್ಚು. ಮನೆಯ ಪೆಟ್ಟಿಗೆ ಖಾಲಿಯಾದ ಮೇಲೆ ಮಾರಲು ಏನೂ ಉಳಿಯುವುದಿಲ್ಲವಲ್ಲ.

ಸಂಡೂರು ಮೊದಲು ಪುಟ್ಟ ಸಂಸ್ಥಾನ. ಘೋರ್ಪಡೆ ಮನೆತನದ ಆಳ್ವಿಕೆ. ಅಲ್ಲಿನ ಕೊನೆಯ ಅರಸ ಯಶವಂತರಾವ್ ಘೋರ್ಪಡೆ 1932ರಲ್ಲಿ ಕುಮಾರಸ್ವಾಮಿ ದೇವಸ್ಥಾನವನ್ನು ದಲಿತರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಬಂದದ್ದು 1936ರಲ್ಲಿ. 1949ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1954ರಲ್ಲಿ ಆ ಮನೆತನದ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ ಹುಟ್ಟಿತು. ಅರಸರ ಮಗ ಎಂ.ವೈ. ಘೋರ್ಪಡೆ ದೇವರಾಜ ಅರಸರ ಸರಕಾರದಲ್ಲಿ ಹಣಕಾಸು ಮಂತ್ರಿ. ಈ ಮನೆತನದ ಮತ್ತು ಕಂಪನಿಯ ಬೆಂಬಲದಿಂದ 1988ರಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಸ್ಥಾಪನೆಯಾಯಿತು.

ಕೇಂದ್ರ ಮಾಡಿದ್ದೇನು? ಸೂಜಿ ಹಿಡಿಯುವುದನ್ನು ಕಲಿಸಲಿಲ್ಲ. ಅದು ಆ ಹೆಣ್ಣುಮಕ್ಕಳಿಗೆ ತಾಯಿಯಿಂದಲೇ ಬಂದಿತ್ತು. ಅವರಿಗೆ ಗೊತ್ತಿದ್ದ ಕೆಲಸಕ್ಕೆ ಬೇಕಾದ ಉಳಿದ ಭಾಗವನ್ನು ಅದು ಹೊತ್ತುಕೊಂಡಿತು. ಬಟ್ಟೆ, ದಾರ ಒದಗಿಸುವುದು. ಕಾಂಚಳಿಯ ಮೇಲಿನ ಅದೇ ಹೊಲಿಗೆಯನ್ನು ದಿಂಬಿನ ಚೀಲ, ಕೈಚೀಲ, ಕುರ್ತಾದ ಮೇಲೆ ಹೇಗೆ ಕೂರಿಸಬೇಕೆಂದು ಯೋಚಿಸುವುದು, ಏಕೆಂದರೆ ಬೆಂಗಳೂರಿನ ಗಿರಾಕಿ ಫೇಟಿಯಾ ಉಡುವುದಿಲ್ಲ. ಹೊಲಿದದ್ದನ್ನು ಪರೀಕ್ಷಿಸುವುದು, ಮೇಳಗಳಿಗೆ ಒಯ್ಯುವುದು, ಗಿರಾಕಿಯ ಹಣ ಬರುವುದು ತಡವಾದರೂ ಕೆಲಸ ನಿಲ್ಲದಂತೆ ನೋಡುವುದು. ನಮ್ಮ ಏಳು ಯಂತ್ರಗಳಿಗೆ ಇಲ್ಲದೇ ಹೋದದ್ದು ಇದೇ. ನಾವು ಕೊಟ್ಟದ್ದು ಕಬ್ಬಿಣ. ಅವರು ಕೊಟ್ಟದ್ದು ಮುಂದಿನ ವಾರದ ಕೆಲಸ.

ಅದರ ಫಲ ನಿಧಾನವಾಗಿ ಬಂತು. ಯುನೆಸ್ಕೋದ ಕರಕುಶಲ ಶ್ರೇಷ್ಠತೆಯ ಮುದ್ರೆ 2004ರಲ್ಲಿ ಒಮ್ಮೆ, 2012ರಲ್ಲಿ ಇನ್ನೊಮ್ಮೆ ಬಂತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ, ಜನ ಜಿ.ಐ. ಎನ್ನುವ ಮಾನ್ಯತೆ, ಸಿಕ್ಕಿತು. ಅಂದರೆ ಬೇರೆಲ್ಲೋ ಯಂತ್ರದಲ್ಲಿ ಹೊಲಿದು ಸಂಡೂರಿನ ಹೆಸರು ಹಚ್ಚಿ ಮಾರುವುದು ಕಾನೂನಿನ ಪ್ರಕಾರ ತಪ್ಪು. ಬಡ ಹೆಂಗಸಿನ ಕೈಕೆಲಸಕ್ಕೆ ಹೊಲಕ್ಕಿರುವಂತೆ ಒಂದು ಗಡಿಕಲ್ಲು ನೆಟ್ಟ ಹಾಗೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಈ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ಕಸೂತಿ ವಸ್ತುಗಳನ್ನು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಬರೆಸಿದರು. ಆಗ ಪ್ರಕಟವಾದ ಲೆಕ್ಕದಂತೆ ಸುಮಾರು 600 ಕುಶಲಕರ್ಮಿಗಳು, 20 ಗುಂಪುಗಳು.

ಗಿನ್ನೆಸ್ ದಾಖಲೆಯಿಂದ ಹೊಟ್ಟೆ ತುಂಬುತ್ತದೆಯೇ ಎಂದು ನಮ್ಮ ಮಿತ್ರರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ದೆಹಲಿಯ ಅಂಗಡಿಯಲ್ಲಿ ಆ ಚೀಲಕ್ಕೆ ಇರುವ ಬೆಲೆಯಲ್ಲಿ ತಾಂಡಾದ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಪ್ರತಿ ವರ್ಷ ಹೊಸದಾಗಿ ಕೇಳುತ್ತಲೇ ಇರಬೇಕು. ಕೈಹೊಲಿಗೆ ನಿಧಾನದ ಕೆಲಸ, ಕಣ್ಣು ತಿನ್ನುವ ಕೆಲಸ. ಇನ್ನೊಂದು ಪ್ರಶ್ನೆಯನ್ನೂ ಮುಚ್ಚಿಡಬಾರದು. ಇಲ್ಲಿ ದಾನದ ಹಣ ಬಂದದ್ದು ಗುಡ್ಡ ಅಗೆದ ಅದಿರಿನಿಂದ. ತಾಂಡಾಗಳು ನಿಂತದ್ದೂ ಆ ಗುಡ್ಡಗಳ ನೆರಳಲ್ಲೇ. ಹಾಗಾದರೆ ಇದು ದಾನವೋ, ಬಾಕಿಯೋ? ಉಳ್ಳವರ ಸಂಪತ್ತಿನಲ್ಲಿ ಕೇಳುವವನಿಗೂ ವಂಚಿತನಿಗೂ ಹಕ್ಕು ಇದೆ ಎಂಬುದು ಕುರ್‌ಆನಿನ ಬೋಧನೆ. ಅಲ್ಲಿ ಬರುವುದು ಹಕ್ಕು ಎಂಬ ಮಾತೇ. ಕೊಟ್ಟವರು ಅದನ್ನು ಏನೆಂದು ಕರೆದರೂ ಪಡೆದವರು ತಲೆ ತಗ್ಗಿಸಬೇಕಾಗಿಲ್ಲ ಎಂದು ನಮಗೆ ತೋರುತ್ತದೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ಸಾಲುಸಾಲಾಗಿ ನಿಂತವು, ಸಾವಿರಾರು ಗಂಡಸರು ಮನೆಯಲ್ಲಿ ಕೂತರು. ಸೂಜಿಗೆ ಮಾತ್ರ ಯಾರ ಪರವಾನಗಿಯೂ ಬೇಕಿರಲಿಲ್ಲ.

ಈ ನೆಲದಲ್ಲಿ ಹೆಣ್ಣು ದುಡಿದು ಸಂಬಳ ಪಡೆಯುವುದು ಹೊಸ ಸಂಗತಿ ಎಂದು ಯಾರಾದರೂ ಭಾವಿಸಿದ್ದರೆ ಹಂಪಿಯ ಇತಿಹಾಸ ಓದಬೇಕು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅರಮನೆಯ ಕೆಲಸಗಳಲ್ಲಿದ್ದ ಹೆಂಗಸರ ಪಟ್ಟಿಯನ್ನೇ ಕೊಡುತ್ತಾನೆ. ಕುಸ್ತಿ ಆಡುವವರು, ಜ್ಯೋತಿಷ್ಯ ಹೇಳುವವರು, ಕಾವಲಿನವರು. ಅದರಲ್ಲಿ ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅರಮನೆಯೊಳಗಿನ ಖರ್ಚುವೆಚ್ಚದ ಲೆಕ್ಕ ಬರೆಯುತ್ತಿದ್ದ ಹೆಂಗಸರು. ಐನೂರು ವರ್ಷಗಳ ಹಿಂದೆ ಇಲ್ಲಿ ಹೆಣ್ಣು ಲೆಕ್ಕದ ಪುಸ್ತಕ ಹಿಡಿದಿದ್ದಳು. ನಮ್ಮ ಮೊಹಲ್ಲಾದಲ್ಲಿ ಬೈತುಲ್ ಮಾಲ್‌ನ ಲೆಕ್ಕವನ್ನು ಹೆಂಗಸಿನ ಕೈಗೆ ಕೊಡೋಣವೇ ಎಂದು ಕೇಳಿದರೆ ಇಂದಿಗೂ ಕಮಿಟಿಯಲ್ಲಿ ಕೆಮ್ಮು ಬರುತ್ತದೆ.

ಹಂಪಿಯಲ್ಲಿ ನಮ್ಮವರ ನೆನಪೂ ಇದೆ. ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ದಾರಿಯಲ್ಲಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ ಇದೆ. ಅವರು ಇಮ್ಮಡಿ ದೇವರಾಯನ ಸೇವೆಯಲ್ಲಿದ್ದವರು. 1439ರ ಅಲ್ಲಿನ ಕನ್ನಡ ಶಾಸನ ಅದನ್ನು ಧರ್ಮಶಾಲೆ ಎಂದು ಕರೆದು, ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದು ಎನ್ನುತ್ತದೆ. ಪಕ್ಕದಲ್ಲಿ ಬಾವಿ. ನಾವು ಹುಡುಗರನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಮಸೀದಿಯ ಕಂಬ ನೋಡುತ್ತಾರೆ, ನಾವು ಬಾವಿ ನೋಡುತ್ತೇವೆ. ಊರಲ್ಲಿ ಬಾವಿ ತೋಡಿದರೆ ಉಳಿಯುವುದು ಯಾರ ಹೊತ್ತು? ಗಂಡಸರದ್ದಲ್ಲ. ಮೈಲಿ ನಡೆದು ನೀರು ಹೊರುವವಳ ಹೊತ್ತು. ಅವಳಿಗೆ ದಿನಕ್ಕೆ ಎರಡು ಗಂಟೆ ಸಿಕ್ಕಿತೆಂದರೆ ಅದರಲ್ಲಿ ಅವಳು ನೂಲುತ್ತಾಳೆ, ಹೊಲಿಯುತ್ತಾಳೆ, ಅಥವಾ ಸುಮ್ಮನೆ ಮಲಗುತ್ತಾಳೆ, ಅದೂ ಅವಳ ಹಕ್ಕೇ. ಖಲೀಫ ಹಾರೂನ್ ಅಲ್ ರಶೀದರ ಪತ್ನಿ ಝುಬೈದಾ ಹಾಜಿಗಳಿಗಾಗಿ ಮಕ್ಕಾಕ್ಕೆ ಕಾಲುವೆಯಲ್ಲಿ ನೀರು ತರಿಸಿದ್ದು ಪ್ರಸಿದ್ಧ. ಫೆಝ್ ನಗರದಲ್ಲಿ 859ರಲ್ಲಿ ಕರವಿಯ್ಯೀನ್ ಮಸೀದಿಯನ್ನು ತಂದೆಯಿಂದ ಬಂದ ಆಸ್ತಿಯಿಂದ ಕಟ್ಟಿಸಿದವರು ಫಾತಿಮಾ ಅಲ್ ಫಿಹ್ರಿ ಎಂದು ಪರಂಪರೆ ಹೇಳುತ್ತದೆ. ಈ ಹೆಸರುಗಳನ್ನು ನಾವು ಖುತ್ಬಾದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಹೇಳುವಾಗ ಒಂದನ್ನು ಮರೆಯುತ್ತೇವೆ. ಅವರು ದಾನ ಮಾಡಲು ಸಾಧ್ಯವಾದದ್ದು ಆ ಹಣ ಅವರದ್ದೇ ಆಗಿದ್ದುದರಿಂದ.

ಹಝ್ರತ್ ಖದೀಜಾ(ರ)ರ ವ್ಯಾಪಾರವೂ ಹಾಗೆ. ಬಂಡವಾಳ ಅವರದ್ದು, ಪ್ರಯಾಣ ಮತ್ತು ದುಡಿಮೆ ಬೇರೆಯವರದ್ದು, ಲಾಭ ಹಂಚಿಕೆ. ಪ್ರವಾದಿ(ಸ) ಯುವಕರಾಗಿದ್ದಾಗ ಅವರ ಸರಕನ್ನು ಸಿರಿಯಾಕ್ಕೆ ಒಯ್ದದ್ದು ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿಲ್ಲದ ಇನ್ನಿಬ್ಬರಿದ್ದಾರೆ, ಇಬ್ಬರ ಹೆಸರೂ ಝೈನಬ್. ಪ್ರವಾದಿಯವರ ಪತ್ನಿ ಝೈನಬ್ ಬಿಂತ್ ಜಹ್ಶ್(ರ) ಕೈಯಾರೆ ಚರ್ಮ ಹದ ಮಾಡಿ, ಹೊಲಿದು, ಬಂದದ್ದನ್ನು ದಾನ ಮಾಡುತ್ತಿದ್ದರು. ಇನ್ನೊಬ್ಬರು ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ)ರ ಪತ್ನಿ ಝೈನಬ್. ಅವರೂ ದುಡಿಯುತ್ತಿದ್ದವರು, ಗಂಡ ಬಡವರು. ತನ್ನ ಹಣವನ್ನು ಗಂಡನಿಗೂ ಮನೆಯಲ್ಲಿದ್ದ ಅನಾಥ ಮಕ್ಕಳಿಗೂ ಖರ್ಚು ಮಾಡಿದರೆ ಅದು ಸದಕಾ ಆಗುತ್ತದೆಯೇ ಎಂದು ಬಿಲಾಲ್(ರ)ರ ಮೂಲಕ ಪ್ರವಾದಿಯವರಲ್ಲಿ ಕೇಳಿಸಿದರು. ಎರಡು ಪ್ರತಿಫಲವಿದೆ, ಒಂದು ಸಂಬಂಧದ್ದು, ಇನ್ನೊಂದು ದಾನದ್ದು ಎಂಬ ಉತ್ತರ ಬಂತು. ಈ ಹದೀಸನ್ನು ಮದ್ರಸಾದಲ್ಲಿ ಓದುವಾಗ ಝಕಾತಿನ ಮಸ್‌ಅಲಾ ಎಂದಷ್ಟೇ ಓದಿದ್ದೆವು. ಹೆಂಡತಿ ಗಂಡನಿಗೆ ಕೊಟ್ಟದ್ದು ಸದಕಾ ಎನಿಸಿಕೊಂಡಿತು ಎಂದರೆ ಆ ಹಣ ಗಂಡನದ್ದಾಗಿರಲಿಲ್ಲ ಎಂದೇ ಅರ್ಥ ಎಂಬುದು ಬಹಳ ತಡವಾಗಿ ಹೊಳೆಯಿತು.

ಹೊಳೆಸಿದ್ದು ಒಂದು ಪ್ರಶ್ನೆ. ಜುಮಾ ಮುಗಿದು ಜನ ಚದುರಿದ ಮೇಲೆ ಒಬ್ಬ ಹುಡುಗ ಚೀಟಿ ತಂದುಕೊಟ್ಟ, ಅವನ ಅಕ್ಕ ಬರೆದದ್ದು. ಉಳಿದಿದ್ದ ಎರಡು ಯಂತ್ರಗಳಲ್ಲಿ ಒಂದು ಆಕೆಯದ್ದು. ಹೊಲಿಗೆಯ ದುಡ್ಡನ್ನು ಗಂಡ ತೆಗೆದುಕೊಳ್ಳುತ್ತಾನೆ, ಕೊಡದಿದ್ದರೆ ನಾನು ಗುನಾಹ್‌ಗಾರಳೇ ಎಂದು ಕೇಳಿದ್ದಳು. ಅಲ್ಲ, ನಿನ್ನ ದುಡಿಮೆ ನಿನ್ನದು, ಮನೆಯ ಖರ್ಚು ಅವನ ಹೊಣೆ, ನೀನು ಇಷ್ಟಪಟ್ಟು ಕೊಟ್ಟರೆ ಅದು ನಿನ್ನ ಉಪಕಾರ ಎಂದು ಅದೇ ಚೀಟಿಯ ಹಿಂದೆ ಬರೆದು ಕಳಿಸಿದೆವು. ಸೂರಾ ಅನ್ನಿಸಾ ಗಂಡಸು ಗಳಿಸಿದ್ದರಲ್ಲಿ ಗಂಡಸಿಗೂ ಹೆಂಗಸು ಗಳಿಸಿದ್ದರಲ್ಲಿ ಹೆಂಗಸಿಗೂ ಪಾಲು ಇದೆ ಎಂದು ಕಲಿಸುತ್ತದೆ. ಇದು ಸ್ಪಷ್ಟ. ಆ ಗಂಡನಿಗೆ ಬರೆದು ಕಳಿಸುವ ಧೈರ್ಯ ಮಾತ್ರ ನಮಗೆ ಬೇಗ ಬರಲಿಲ್ಲ. ಅವರು ಮೊದಲ ಸಫ್ಫಿನಲ್ಲಿ ನಿಲ್ಲುವವರು.

ಈ ಹಕ್ಕು ನಮ್ಮಲ್ಲಿ ಹದಿನಾಲ್ಕು ಶತಮಾನದಿಂದ ಇದೆ, ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಆಸ್ತಿಯ ಮೇಲೆ ಪೂರ್ಣ ಹಕ್ಕು ಬಂದದ್ದು 1882ರ ಕಾಯ್ದೆಯಿಂದ, ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾನೂನು ತಂದದ್ದು 1933ರಲ್ಲಿ, ಎಂದು ಹೋಲಿಸಿ ಹೇಳುವುದು ನಮ್ಮ ಭಾಷಣಗಾರರಿಗೆ ಇಷ್ಟ. ನಾವೂ ಹೇಳಿದ್ದೇವೆ. ಆದರೆ ಎದುರಿಗೆ ಕೂತವರಲ್ಲಿ ತಂಗಿಯ ಪಾಲನ್ನು ಲೆಕ್ಕ ಹಾಕಿ ಕೊಟ್ಟವರು ಎಷ್ಟು ಜನ ಎಂದು ಕೈ ಎತ್ತಿಸಿದರೆ ಮಸೀದಿ ಎಷ್ಟು ನಿಶ್ಶಬ್ದವಾಗುತ್ತದೆ ಎಂಬುದು ನಮಗೆ ಗೊತ್ತು. ತಂಗಿ ಮಾಫ್ ಮಾಡಿದಳು ಎನ್ನುತ್ತಾರೆ. ಕೇಳದ ಮೊದಲೇ ಮಾಫ್ ಆಗಿರುತ್ತದೆ.

ಇನ್ನು ಸಾಲದ ವಿಷಯ. ಬಡ ಹೆಣ್ಣುಮಕ್ಕಳ ಆರ್ಥಿಕ ಸ್ವಾತಂತ್ರ್ಯ ಎಂದರೆ ಈಗ ಎಲ್ಲರ ಬಾಯಲ್ಲೂ ಸಂಘ, ಸಾಲ, ವಾರದ ಕಂತು. ಇದರ ಹಿಂದೆ ಒಳ್ಳೆಯ ಹೆಸರುಗಳಿವೆ. 1972ರಲ್ಲಿ ಅಹ್ಮದಾಬಾದಿನಲ್ಲಿ ಇಳಾ ಭಟ್ ಸ್ವಯಂ ಉದ್ಯೋಗಿ ಮಹಿಳೆಯರ ಸಂಘ ಸೇವಾ ಕಟ್ಟಿದರು. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ಶುರು ಮಾಡಿದ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. 2000ರಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಬಂತು. ಇದರಿಂದ ಲಾಭ ಪಡೆದವರು ಬಹಳ. ಆದರೆ ಲಾಭಕ್ಕಾಗಿ ನಡೆಯುವ ಕಿರುಸಾಲದ ಕಂಪನಿಗಳು ಅದೇ ದಾರಿಯಲ್ಲಿ ಬಂದಾಗ ಕತೆ ಬೇರೆಯಾಯಿತು. ಒಂದು ಮನೆಯಲ್ಲಿ ನಾಲ್ಕು ಕಡೆಯ ಸಾಲ. ಸಾಲ ಹೆಂಡತಿಯ ಹೆಸರಲ್ಲಿ, ಖರ್ಚು ಗಂಡನ ಕೈಯಲ್ಲಿ, ಬಾಗಿಲಿಗೆ ಬಂದವರ ಮಾತು ಕೇಳುವವಳು ಅವಳು.

2009ರಲ್ಲಿ ಕೋಲಾರ, ರಾಮನಗರ, ಶಿಡ್ಲಘಟ್ಟದಂಥ ರೇಷ್ಮೆ ಊರುಗಳಲ್ಲಿ ಅಂಜುಮನ್‌ಗಳು ಈ ಸಾಲದ ಕಂತು ಕಟ್ಟಬೇಡಿ ಎಂದು ಮುಸ್ಲಿಮ್ ಹೆಣ್ಣುಮಕ್ಕಳಿಗೆ ಹೇಳಿದವು. ದೊಡ್ಡ ಸುದ್ದಿಯಾಯಿತು. ಬಡ್ಡಿ ಹರಾಮ್ ಎಂಬುದರಲ್ಲಿ ನಮಗೆ ಎರಡನೇ ಮಾತಿಲ್ಲ. ಆದರೂ ಆ ಘಟನೆಯನ್ನು ನೆನೆದಾಗಲೆಲ್ಲ ನಮಗೆ ಸಮಾಧಾನವಿಲ್ಲ. ತೆಗೆದುಕೊಂಡ ಸಾಲ ಕಟ್ಟದಿರುವುದೂ ಸಣ್ಣ ವಿಷಯವಲ್ಲ. ಅದಕ್ಕಿಂತ ಮುಖ್ಯವಾಗಿ, ಇದು ಬೇಡ ಎಂದ ಮೇಲೆ ಅವಳು ಯಾರ ಬಾಗಿಲಿಗೆ ಹೋಗಬೇಕು? ಕಂಪನಿಯ ಬಾಗಿಲು ಮುಚ್ಚಿದರೆ ಹಳೆಯ ಬಡ್ಡಿ ವ್ಯಾಪಾರಿಯ ಬಾಗಿಲು ತೆರೆದೇ ಇರುತ್ತದೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂದರೆ ಹದಿನಾರು ವರ್ಷದಲ್ಲಿ ಗಾಯ ಒಣಗಿರಲಿಲ್ಲ ಎಂದಾಯಿತು. ಖದೀಜಾ(ರ)ರ ಕಾಲದ ಮುಝಾರಬಾ ನಮ್ಮ ಕಿತಾಬುಗಳಲ್ಲಿ ಪುಟಗಟ್ಟಲೆ ಇದೆ. ಒಬ್ಬರ ಹಣ, ಇನ್ನೊಬ್ಬರ ದುಡಿಮೆ, ಲಾಭ ಬಂದರೆ ಹಂಚಿಕೆ, ದುಡಿದವನ ತಪ್ಪಿಲ್ಲದೆ ನಷ್ಟವಾದರೆ ಹಣ ಹಾಕಿದವನ ತಲೆಗೆ. ಹೊಸಪೇಟೆಯ ಒಬ್ಬ ಸಾಹುಕಾರರೂ ಒಬ್ಬ ಹೊಲಿಯುವ ಹೆಂಗಸಿನ ಜೊತೆ ಈ ಲೆಕ್ಕಕ್ಕೆ ಕೂತದ್ದನ್ನು ನಾವು ಇನ್ನೂ ಕಂಡಿಲ್ಲ.

ಹಂಪಿಯಿಂದ ಹೊಳೆ ದಾಟಿದರೆ ಆನೆಗೊಂದಿ. ಅಲ್ಲಿಯೂ ಒಂದು ಉದಾಹರಣೆ ಇದೆ. ಕಮಲಾಪುರ, ಕಂಪ್ಲಿ, ಆನೆಗೊಂದಿಯ ಬಯಲಿನಲ್ಲಿ ಬಾಳೆ ತೋಟಗಳು. ಗೊನೆ ಕಡಿದ ಮೇಲೆ ದಿಂಡು ಕಸ. ಶಮಾ ಪವಾರ್ 1997ರಲ್ಲಿ ಆರಂಭಿಸಿದ ಕಿಷ್ಕಿಂಧಾ ಟ್ರಸ್ಟ್ ಆ ಕಸದ ನಾರಿನಿಂದ ಹಗ್ಗ ಹೊಸೆದು ಚೀಲ, ಟೋಪಿ, ಚಾಪೆ ಹೆಣೆಯುವ ಕೆಲಸವನ್ನು ಊರಿನ ಹೆಣ್ಣುಮಕ್ಕಳಿಗೆ ತಂದಿತು. ಸಂಡೂರಿನಲ್ಲಿ ಕಲೆ ಮೊದಲೇ ಇತ್ತು, ಮಾರುಕಟ್ಟೆ ಇರಲಿಲ್ಲ. ಆನೆಗೊಂದಿಯಲ್ಲಿ ಕಲೆಯನ್ನೂ ಕಲಿಸಬೇಕಾಯಿತು. ಎರಡರಲ್ಲೂ ಕೆಲಸ ತಾಂಡಾಕ್ಕೆ, ಊರಿಗೆ ನಡೆದು ಬಂತು. ಮಗು ಮಲಗಿದ ಮೇಲೆ, ಒಲೆ ಆರಿದ ಮೇಲೆ ಮಾಡಬಹುದಾದ ಕೆಲಸ. ಪರದೆಯ ಮನೆಗಳಿಗೆ ಇದಕ್ಕಿಂತ ಹೊಂದುವುದು ಯಾವುದಿದೆ?

ಇಷ್ಟೆಲ್ಲ ತಿಳಿದುಕೊಂಡು ನಾವು ಕಮಿಟಿಯ ಮುಂದೆ ಹೋದೆವು. ಯಂತ್ರ ಹಂಚುವುದನ್ನು ನಿಲ್ಲಿಸಿ, ಮೊದಲು ಕೆಲಸ ಹುಡುಕೋಣ ಎಂದೆವು. ಒಂದು ಖಾಸಗಿ ಶಾಲೆಯ ಸಮವಸ್ತ್ರ, ಮದುವೆ ಮಂಟಪದ ಪರದೆ, ಮದ್ರಸಾದ ಮಕ್ಕಳ ಕುರ್ತಾ. ಹುಡುಕಿದರೆ ಸಿಗುತ್ತದೆ, ಸಿಕ್ಕಿದೆ ಕೂಡ. ಅಲ್ಲಿ ಒಂದು ನ್ಯಾಯವಾದ ಆಕ್ಷೇಪ ಬಂತು. ಹನಫಿ ಫಿಕ್‌ಹ್ ಪ್ರಕಾರ ಝಕಾತ್ ಹಣವನ್ನು ಬಡವರ ಕೈಗೆ ಮಾಲೀಕತ್ವದೊಂದಿಗೆ ಕೊಡಬೇಕು, ತಮ್ಲೀಕ್ ಆಗಬೇಕು. ಯಂತ್ರ ಕೊಡಬಹುದು, ದಾರ ಕೊಡಬಹುದು. ಕೋಣೆಯ ಬಾಡಿಗೆ, ಮಾಲು ಸಾಗಿಸುವ ಆಟೋ, ಕತ್ತರಿಸುವ ಮೇಜು ಇವಕ್ಕೆ ಝಕಾತ್ ನೇರವಾಗಿ ಹಾಕಲಾಗದು. ಈ ಮಾತು ಸರಿ. ನಮ್ಮ ಯಂತ್ರಗಳು ಏಕೆ ಒಂಟಿಯಾದವು ಎಂಬುದಕ್ಕೆ ಅರ್ಧ ಉತ್ತರವೂ ಇಲ್ಲೇ ಇದೆ. ಝಕಾತ್ ಕೊಟ್ಟು ಕೈ ತೊಳೆದುಕೊಂಡೆವು, ಸದಕಾ ಮತ್ತು ವಕ್ಫ್ ಮಾಡಬೇಕಾದ ಭಾಗವನ್ನು ಯಾರೂ ಮಾಡಲಿಲ್ಲ. ಸಂಡೂರಿನಲ್ಲಿ ಕೇಂದ್ರ ಹೊತ್ತ ಭಾರ ಆ ಎರಡನೆಯ ಭಾಗದ್ದು.

ಮಸೀದಿಗೆ ಸೇರಿದ ಒಂದು ಮಳಿಗೆ ಇದೆ. ಸಿಮೆಂಟ್ ಗೋದಾಮಿಗೆ ಬಾಡಿಗೆಗೆ ಕೊಟ್ಟಿದ್ದೇವೆ, ಕರಾರು ಬರುವ ಶಾಬಾನಿಗೆ ಮುಗಿಯುತ್ತದೆ. ಅದನ್ನು ಹೊಲಿಗೆಯ ಕೆಲಸಕ್ಕೆ ಬಿಡೋಣ, ಬಾಗಿಲು ಹಿಂದಿನ ಓಣಿಗೆ ತೆಗೆಸೋಣ ಎಂದು ಕೇಳಿದ್ದೇವೆ. ಬಾಡಿಗೆ ಹೋದರೆ ಮಸೀದಿಯ ಕರೆಂಟ್ ಬಿಲ್ಲಿಗೆ ಎಲ್ಲಿಂದ ಎನ್ನುತ್ತಾರೆ ಖಜಾಂಚಿ. ಅದೂ ಸುಳ್ಳಲ್ಲ. ಅಲ್ಲಿಯವರೆಗೆ ಐವರು ಹೆಣ್ಣುಮಕ್ಕಳು ಒಬ್ಬರ ಮನೆಯ ಪಡಸಾಲೆಯಲ್ಲಿ ಕೂತು ಹೊಲಿಯುತ್ತಿದ್ದಾರೆ. ಅವರಲ್ಲಿ ಯಂತ್ರ ಮಾರಿದ್ದ ಆ ತಾಯಿಯೂ ಇದ್ದಾರೆ, ಈಗ ಬಟ್ಟೆ ಕತ್ತರಿಸುವವರು ಅವರೇ. ಲೆಕ್ಕ ಬರೆಯುವುದು ಚೀಟಿ ಕಳಿಸಿದ ಆ ಹೆಣ್ಣುಮಗಳು. ಅವಳ ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಎರಡು ಸಾಲು ಇದೆ. ಒಂದರಲ್ಲಿ ಹೊಲಿದದ್ದು, ಇನ್ನೊಂದರಲ್ಲಿ ಹಣ ಯಾರ ಕೈಗೆ ಕೊಟ್ಟದ್ದು. ಎರಡನೆಯ ಸಾಲು ಯಾಕೆ ಎಂದು ಖಜಾಂಚಿ ಕೇಳಿದರು. ನಾವು ಅವರಿಗೆ ಆ ಚೀಟಿಯ ಕತೆ ಹೇಳಿದೆವು. ಮುಂದಿನ ಭಾನುವಾರ ಮಗ್ರಿಬ್ ನಂತರ ಮಳಿಗೆಯ ವಿಷಯಕ್ಕೆ ಕಮಿಟಿ ಕೂರುತ್ತದೆ. ಜಮಾಅತಿನವರೆಲ್ಲರೂ ಬರಬಹುದು.